ಜೋಳದ ಋಣ: ಬೇಗೂರಿನ ವೀರಗಲ್ಲಿನಿಂದ ಟ್ರಂಕಿನ ಡಿಸ್ಚಾರ್ಜ್ ಬುಕ್ಕಿನವರೆಗೆ

ಬಿಟಿಎಂ ಲೇಔಟ್‌ನಲ್ಲಿ ನಾವು ಬಾಡಿಗೆಗೆ ಇರುವ ಬೀದಿಯಲ್ಲಿ ಒಂದು ಅಪಾರ್ಟ್‌ಮೆಂಟ್ ಇದೆ. ಅದರ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವ ಅಣ್ಣ ಚನ್ನರಾಯಪಟ್ಟಣದ ಕಡೆಯವರು. ರಾತ್ರಿ ಟೀ ಕುಡಿಯಲು ಇಳಿದಾಗಲೆಲ್ಲ ಮಾತಾಡಿಸುತ್ತೇವೆ. ಮಳೆ, ರಾಗಿ, ತೆಂಗಿನಕಾಯಿ ರೇಟು, ಇಷ್ಟೇ ಮಾತು. ಒಂದು ದಿನ ಅವರೇ ಕೇಳಿದರು: "ನೀವು ಪೇಪರ್ ಓದ್ಕೊಂಡೋರು ಅಲ್ವಾ? ನಮ್ಮಪ್ಪ ಮಿಲಿಟ್ರಿಲಿ ಏಳು ವರ್ಷ ಇದ್ರು. ಪಿಂಚಣಿ ಬರ್ಲಿಲ್ಲ. ಅಪ್ಪ ಹೋಗಿ ಹತ್ತು ವರ್ಷ ಆಯ್ತು. ಅವ್ವಂಗೆ ಏನಾದ್ರೂ ಬರುತ್ತಾ? ಅಕ್ಕಿನಾದ್ರೂ?"

ನಮಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆವು. ಆಮೇಲೆ ಹುಡುಕಲು ಕೂತೆವು. ಹುಡುಕುತ್ತಾ ಹೋದಂತೆ ಈ ಪ್ರಶ್ನೆ ಎಷ್ಟು ಹಳೆಯದು ಎಂದು ತಿಳಿಯಿತು. ಅದರ ಕಥೆ ನಮ್ಮ ಬಾಡಿಗೆ ಮನೆಯಿಂದ ಬಸ್ಸಿನಲ್ಲಿ ಹೋಗಬಹುದಾದಷ್ಟು ದೂರದಲ್ಲೇ ಶುರುವಾಗುತ್ತದೆ.

ಕಲ್ಲಿನಲ್ಲಿ ಬರೆದ ಲೆಕ್ಕ

ಮಡಿವಾಳದಿಂದ ಹೊಸೂರು ರಸ್ತೆ ಹಿಡಿದು, ಬೊಮ್ಮನಹಳ್ಳಿಯಲ್ಲಿ ಬಲಕ್ಕೆ ತಿರುಗಿದರೆ ಬೇಗೂರು ಸಿಗುತ್ತದೆ. ಅಲ್ಲಿ ಗಂಗರ ಕಾಲದ ಶಿವನ ದೇವಸ್ಥಾನ ಇದೆ. ಆ ದೇವಸ್ಥಾನದ ಹಳೆಯ ಶಾಸನ ಒಂದು ಕಾರಣಕ್ಕೆ ಬಹಳ ಹೆಸರು ಮಾಡಿದೆ. ಸುಮಾರು ಕ್ರಿ.ಶ. 890ರ ಆ ಬರಹದಲ್ಲಿ 'ಬೆಂಗಳೂರು' ಎಂಬ ಹೆಸರಿದೆ. ಕೆಂಪೇಗೌಡರು ಊರು ಕಟ್ಟುವುದಕ್ಕೆ ಆರು ನೂರು ವರ್ಷಕ್ಕೂ ಮುಂಚಿನ ಮಾತು ಇದು.

ಆ ಹೆಸರು ಯಾಕೆ ಬಂತು? ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮನೆಯ ಬುಟ್ಟಣಸೆಟ್ಟಿ ಎಂಬುವನು ಸತ್ತ ಎಂದು ಹೇಳಲು ಬಂತು. ಅಂದರೆ ಈ ಮಹಾನಗರದ ಹೆಸರು ನಮಗೆ ಸಿಗುವ ಅತಿ ಹಳೆಯ ಬರಹ, ಯುದ್ಧದಲ್ಲಿ ಸತ್ತವನೊಬ್ಬನ ನೆನಪಿಗೆ ಬರೆದದ್ದು.

ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿಲ್ಲು, ಕತ್ತಿ, ಬಿದ್ದ ಹೆಣಗಳು, ಎಲ್ಲವನ್ನೂ ಒಂದೇ ಕಲ್ಲಿನಲ್ಲಿ ಕಡೆದಿದ್ದಾರೆ. ಅದರ ಬರಹ ಹೇಳುವ ಕಥೆ ಹೀಗಿದೆ. ವೀರಮಹೇಂದ್ರನ ಜೊತೆ ಅಯ್ಯಪದೇವ ಕಾದಾಡುತ್ತಿದ್ದಾಗ ಅವನ ನೆರವಿಗೆ ಪಡೆಯ ಸಮೇತ ಹೋದ ನಾಗತ್ತರ ತುಂಬೆಪಾಡಿ ಎಂಬಲ್ಲಿ ಹೋರಾಡಿ ಸತ್ತ. ಸುದ್ದಿ ಕೇಳಿದ ಎರೆಯಪ್ಪ ಎಂಬ ಗಂಗ ಅರಸ, ಇರುಗ ಎಂಬುವನಿಗೆ ನಾಗತ್ತರನ ಪಟ್ಟ ಕಟ್ಟಿದ. ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ ಕೊಟ್ಟ. ಬೆಂಪೂರು ಅಂದರೆ ಈಗಿನ ಬೇಗೂರು. ಕೊಟ್ಟ ಊರುಗಳ ಹೆಸರನ್ನೂ ಕಲ್ಲಿನಲ್ಲಿ ಒಂದೊಂದಾಗಿ ಬರೆಸಿದ್ದಾರೆ.

ಕಲ್ನಾಡು ಎಂದರೆ ವೀರನ ಕಲ್ಲು ನಿಲ್ಲಿಸಿ ಅವನ ಕಡೆಯವರಿಗೆ ಬಿಟ್ಟುಕೊಟ್ಟ ಭೂಮಿ. ಇಂಥ ದಾನಕ್ಕೆ ಹಳೆಗನ್ನಡದಲ್ಲಿ ಬೇರೆ ಹೆಸರುಗಳೂ ಇವೆ. ನೆತ್ತರು ಹರಿದಿದ್ದಕ್ಕೆ ಕೊಟ್ಟಿದ್ದು ನೆತ್ತರುಗೊಡಗೆ. ಕತ್ತಿ ತೊಳೆದು ಕೊಟ್ಟಿದ್ದು ಬಾಳ್ಗಳ್ಚು. ನಾಗತ್ತರ ದೊಡ್ಡ ಮನುಷ್ಯ, ಆದ್ದರಿಂದ ಹನ್ನೆರಡು ಊರು. ಊರ ದನ ಬಿಡಿಸಲು ಹೋಗಿ ಸತ್ತ ಸಾಮಾನ್ಯ ಆಳಿನ ಮನೆಗೆ ಒಂದು ತುಂಡು ಗದ್ದೆಯೋ ಒಂದಿಷ್ಟು ಬೆದ್ದಲೋ ಸಿಗುತ್ತಿತ್ತು. ದೊಡ್ಡದಾಗಲಿ ಚಿಕ್ಕದಾಗಲಿ, ಕೊಡುತ್ತಿದ್ದದ್ದು ಊಟದ ದಾರಿಯನ್ನು. ದುಡಿಯುವ ಗಂಡಸು ಹೋದ ಮನೆಯಲ್ಲಿ ಒಲೆ ಆರಬಾರದು ಎಂಬುದು ಅದರ ಹಿಂದಿನ ಲೆಕ್ಕ.

ಈ ಲೆಕ್ಕಕ್ಕೆ ನಮ್ಮ ಹಿರಿಯರು ಒಂದು ಚೆಂದದ ಹೆಸರು ಇಟ್ಟಿದ್ದರು: ಜೋಳದ ಪಾಳಿ. ಜೋಳವಾಳಿ ಎಂದೂ ಹೇಳುತ್ತಿದ್ದರು. ಯಾರ ಮನೆಯ ಜೋಳ ತಿಂದೆಯೋ ಅವರಿಗಾಗಿ ಹೋರಾಡುವುದು ನಿನ್ನ ಪಾಳಿ ಎಂದು ಅರ್ಥ. 10ನೇ ಶತಮಾನದ ಪಂಪನ ಭಾರತದಲ್ಲಿ ಕರ್ಣ ದುರ್ಯೋಧನನನ್ನು ಬಿಟ್ಟು ಬರಲು ಒಪ್ಪುವುದಿಲ್ಲ. ಅವನು ಹೇಳುವ ಕಾರಣಗಳಲ್ಲಿ ಈ ಜೋಳದ ಪಾಳಿಯೂ ಒಂದು. ನಾವು ಊರಲ್ಲಿ ಈಗಲೂ ಉಪ್ಪಿನ ಋಣ, ಅನ್ನದ ಋಣ ಅನ್ನುತ್ತೇವಲ್ಲ, ಅದೇ ಮಾತು.

ಆದರೆ ಆ ಋಣ ಒಂದೇ ಕಡೆಯದಾಗಿರಲಿಲ್ಲ. ಆಳು ಜೋಳ ತಿಂದು ಜೀವ ಕೊಟ್ಟರೆ, ಅರಸು ಅವನ ಮನೆಗೆ ಜೋಳ ಬೆಳೆಯುವ ಭೂಮಿ ಕೊಡಬೇಕಿತ್ತು. ಬೇಗೂರಿನ ಕಲ್ಲು ಆ ಎರಡನೇ ಭಾಗಕ್ಕೆ ಸಾಕ್ಷಿ.

ಭೂಮಿ ಹೋಗಿ ಸಂಬಳ ಬಂತು

ಮುಂದೆ ಕಾಲ ಬದಲಾಯಿತು. ಕಂಪನಿ ಸರ್ಕಾರದ ಕಾಲಕ್ಕೆ ಸಿಪಾಯಿಗೆ ತಿಂಗಳ ಸಂಬಳ ಬಂತು, ತುಂಬ ವರ್ಷ ದುಡಿದವರಿಗೆ ಪಿಂಚಣಿ ಬಂತು. 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಶುರುವಾಯಿತು. ಋಣದ ಲೆಕ್ಕ ಕಲ್ಲಿನಿಂದ ರಿಜಿಸ್ಟರಿಗೆ ಬಂತು. ರಿಜಿಸ್ಟರಿನಲ್ಲಿ ಒಂದು ಹೊಸ ಷರತ್ತು ಸೇರಿತು: ಎಷ್ಟು ವರ್ಷ ಸೇವೆ?

ಮೊದಲ ಮಹಾಯುದ್ಧಕ್ಕೆ ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಜನ ಹೋದರು. ಸುಮಾರು 74,000 ಜನ ವಾಪಸು ಬರಲಿಲ್ಲ. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯ ಜೊತೆ ಹೈಫಾ ಊರನ್ನು ಗೆದ್ದದ್ದು ಇದೇ ಯುದ್ಧದಲ್ಲಿ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತ ಮೂರು ಸೈನಿಕರಲ್ಲಿ ಒಬ್ಬ ಮೈಸೂರಿನವನು.

ಯುದ್ಧ ಮುಗಿದ ಮೇಲೆ ಲಕ್ಷಗಟ್ಟಲೆ ಜನ ಹಳ್ಳಿಗೆ ಮರಳಿದರು. ಅವರ ಕಷ್ಟಸುಖ ನೋಡಲು 1919ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಮಾಡಿತು. ಈಗ ದೆಹಲಿಯಲ್ಲಿರುವ ಕೇಂದ್ರೀಯ ಸೈನಿಕ ಮಂಡಳಿ ಹುಟ್ಟಿದ್ದು ಹೀಗೆ. 1975ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಅದರ ಕೆಳಗೆ ರಾಜ್ಯಕ್ಕೊಂದು ಮಂಡಳಿ, ಜಿಲ್ಲೆಗಳಲ್ಲಿ ಜಿಲ್ಲಾ ಮಂಡಳಿ. ಜಿಲ್ಲಾ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ನಮ್ಮ ರಾಜ್ಯದಲ್ಲಿ ಈ ಕೆಲಸ ನೋಡುವುದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ.

ಇಪ್ಪತ್ತೈದು ಲಕ್ಷ ಜನ, ಪಿಂಚಣಿ ಇಲ್ಲ

ಗೇಟಿನ ಅಣ್ಣನ ಪ್ರಶ್ನೆಯ ಬೇರು ಇರುವುದು ಎರಡನೇ ಮಹಾಯುದ್ಧದಲ್ಲಿ. ಆ ಯುದ್ಧಕ್ಕೆ ಭಾರತದ ಸೈನ್ಯ 25 ಲಕ್ಷಕ್ಕೆ ಬೆಳೆಯಿತು. ಎಲ್ಲರೂ ತಾವಾಗಿ ಸೇರಿದವರು. ಹಳ್ಳಿಯ ಹುಡುಗರಿಗೆ ಸಂಬಳ ಒಂದು ಆಸೆಯಾದರೆ ದಿನಕ್ಕೆ ಮೂರು ಹೊತ್ತು ಊಟ ಇನ್ನೊಂದು. ಅತ್ತ 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ದೇಶದ ದೊಡ್ಡ ಊರುಗಳಲ್ಲಿ ರೇಷನ್ ಬಂತು. ಬೆಂಗಳೂರು ಆಗ ದೊಡ್ಡ ಸೇನಾ ನೆಲೆ. ಇಟಲಿಯ ಯುದ್ಧಕೈದಿಗಳನ್ನೂ ಇಲ್ಲಿ ಇಟ್ಟಿದ್ದರು. ಇಂದಿನ ಎಚ್‌ಎಎಲ್ ಹುಟ್ಟಿದ್ದೂ 1940ರಲ್ಲಿ, ಇದೇ ಯುದ್ಧದ ನಡುವೆ.

1945ರಲ್ಲಿ ಯುದ್ಧ ಮುಗಿಯಿತು. ಯುದ್ಧಕ್ಕೆಂದೇ ಸೇರಿಸಿಕೊಂಡವರನ್ನು ಮನೆಗೆ ಕಳಿಸಿದರು. ಐದು ವರ್ಷ, ಆರು ವರ್ಷ ಸೇವೆ. ಸಿಪಾಯಿಗೆ ಪಿಂಚಣಿ ಬರಲು ಹದಿನೈದು ವರ್ಷ ಬೇಕು. ಹಾಗಾಗಿ ಕೈಗೆ ಬಂದದ್ದು ಒಂದಿಷ್ಟು ದುಡ್ಡು, ಒಂದು ಡಿಸ್ಚಾರ್ಜ್ ಬುಕ್, ಎದೆಗೆ ಪದಕ. ಸೈನ್ಯದ ಲಂಗರಿನಲ್ಲಿ ಊಟ ಮಾಡಿದವರು ಊರಿಗೆ ಬಂದು ರೇಷನ್ ಸಾಲಿನಲ್ಲಿ ನಿಂತರು.

ಅವರು ಮರಳುತ್ತಿದ್ದ ಆ ದಿನಗಳಲ್ಲೇ ಬೆಂಗಳೂರಿನ ದಕ್ಷಿಣಕ್ಕೆ ಹೊಸ ಬಡಾವಣೆಯ ಕೆಲಸ ಶುರುವಾಯಿತು. 1948ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿ ಅವರು ಬಂದು ಅಡಿಗಲ್ಲು ಹಾಕಿದರು. ಜಯಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಅದು ಜಯನಗರವಾಯಿತು. ಜೆಪಿ ನಗರ, ಬನಶಂಕರಿ ಆಮೇಲೆ ಬಂದವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲ ಅಕ್ಷರ ಸೇರಿ ಬಿಟಿಎಂ ಆಯಿತು. ರಾಗಿ ಬೆಳೆಯುತ್ತಿದ್ದ ಊರುಗಳು ಹೀಗೆ ಸೈಟುಗಳಾದವು. ಬೇರೆ ಜಿಲ್ಲೆಯ ಹಳ್ಳಿಗಳಿಂದ ಬಂದವರು ಅವುಗಳ ಗೇಟು ಕಾಯುವವರಾದರು. ಈಗ ಆ ಗೇಟುಗಳಲ್ಲಿ ನಿಂತವರಲ್ಲಿ ಮಾಜಿ ಸೈನಿಕರೂ ಇದ್ದಾರೆ, ಮಾಜಿ ಸೈನಿಕರ ಮಕ್ಕಳೂ ಇದ್ದಾರೆ.

ಶಾಲೆಯಲ್ಲಿ ಕೊಂಡ ಪುಟ್ಟ ಧ್ವಜ

ನಿಮಗೆ ನೆನಪಿರಬಹುದು. ಡಿಸೆಂಬರ್ ತಿಂಗಳಲ್ಲಿ ಶಾಲೆಯಲ್ಲಿ ಮೇಷ್ಟ್ರು ಪುಟ್ಟ ಧ್ವಜದ ಚೀಟಿ ಕೊಟ್ಟು ಒಂದೆರಡು ರೂಪಾಯಿ ತರಿಸುತ್ತಿದ್ದರು. ಕೆಂಪು, ಕಡುನೀಲಿ, ತಿಳಿನೀಲಿ ಎಂಬ ಮೂರು ಬಣ್ಣ ಅದರಲ್ಲಿ. ಭೂಸೇನೆಗೆ ಒಂದು, ನೌಕಾಸೇನೆಗೆ ಒಂದು, ವಾಯುಸೇನೆಗೆ ಒಂದು. ನಾವೂ ಅಂಗಿಗೆ ಗುಂಡುಪಿನ್ನಿನಲ್ಲಿ ಚುಚ್ಚಿಕೊಂಡು ತಿರುಗಿದ್ದೇವೆ. ಅದು ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ನಡೆಯುತ್ತಿದೆ.

ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನಾವು ಯಾರೂ ಮೇಷ್ಟ್ರನ್ನು ಕೇಳಿರಲಿಲ್ಲ. ಈಗ ಗೊತ್ತಾಯಿತು. ಅದು ಧ್ವಜ ದಿನದ ನಿಧಿಗೆ ಸೇರುತ್ತದೆ. ಬೇರೆ ಬೇರೆ ಇದ್ದ ನಿಧಿಗಳನ್ನು 1993ರಲ್ಲಿ ಒಂದು ಮಾಡಿದರು. ಆ ನಿಧಿಯಿಂದಲೇ ಕಷ್ಟದಲ್ಲಿರುವ ಮಾಜಿ ಸೈನಿಕರಿಗೆ ನೆರವು ಹೋಗುತ್ತದೆ. ಗೇಟಿನ ಅಣ್ಣ ಶಾಲೆಯಲ್ಲಿ ಕೊಟ್ಟ ಒಂದು ರೂಪಾಯಿಯೂ ಅದರಲ್ಲಿ ಇದ್ದಿರಬಹುದು.

ಆ ನೆರವುಗಳಲ್ಲಿ ಒಂದರ ಹೆಸರು ಪೆನ್ಯೂರಿ ಗ್ರಾಂಟ್. ಕಡುಬಡತನದ ನೆರವು ಎಂದು ಅರ್ಥ. 65 ವರ್ಷ ತುಂಬಿದ, ಪಿಂಚಣಿ ಇಲ್ಲದ, ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ದರ್ಜೆಯ ಮಾಜಿ ಸೈನಿಕರಿಗೆ ಇದು ಸಿಗುತ್ತದೆ. ಅವರು ತೀರಿಕೊಂಡಿದ್ದರೆ ಅವರ ಹೆಂಡತಿಗೆ ಸಿಗುತ್ತದೆ. ಬದುಕಿರುವವರೆಗೂ ಬರುತ್ತದೆ. ಮೊದಲು ತಿಂಗಳಿಗೆ 1,000 ರೂಪಾಯಿ ಇತ್ತು. ಆಮೇಲೆ 4,000 ಆಯಿತು. 2025ರ ಅಕ್ಟೋಬರ್‌ನಲ್ಲಿ ರಕ್ಷಣಾ ಸಚಿವಾಲಯ ಅದನ್ನು 8,000 ಮಾಡಿತು. 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಹೊಸ ಮೊತ್ತ.

ಬೇಗೂರಿನ ಕಲ್ನಾಡಿನ ಈಗಿನ ರೂಪ ಇದು ಎನ್ನಬಹುದು. ಭೂಮಿಯ ಬದಲು ಬ್ಯಾಂಕಿನ ಖಾತೆ.

ಎರಡು ಬಾಗಿಲು

"ಅಕ್ಕಿನಾದ್ರೂ?" ಎಂದು ಅಣ್ಣ ಕೇಳಿದ್ದರಲ್ಲ. ಅಕ್ಕಿಯ ಕಥೆ ಬೇರೆ.

ಸೈನಿಕ ಸೇವೆಯಲ್ಲಿ ಇರುವವರೆಗೆ ಅವನ ಊಟದ ಬಗ್ಗೆ ಸರ್ಕಾರಕ್ಕೆ ಬಹಳ ಕಾಳಜಿ. ಪಡೆಗಳಿಗೆ ಆಹಾರ ತಲುಪಿಸಲೆಂದೇ ಆರ್ಮಿ ಸರ್ವಿಸ್ ಕೋರ್ ಎಂಬ ದಳ ಇದೆ. ಅದರ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಹಿಮದಲ್ಲಿ ನಿಂತವನು ಏನು ತಿನ್ನಬೇಕು, ಊಟ ಎಷ್ಟು ದಿನ ಕೆಡದೆ ಇರಬೇಕು ಎಂದು ಸಂಶೋಧನೆ ಮಾಡುವ ರಕ್ಷಣಾ ಆಹಾರ ಪ್ರಯೋಗಾಲಯ 1961ರಿಂದ ಮೈಸೂರಿನಲ್ಲಿದೆ. 1965ರ ಯುದ್ಧದ ವರ್ಷ ದೇಶದಲ್ಲಿ ಆಹಾರದ ಕೊರತೆಯೂ ಇತ್ತು. ಆಗ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ 'ಜೈ ಜವಾನ್, ಜೈ ಕಿಸಾನ್' ಎಂದರು. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು. ಎಷ್ಟೋ ಮನೆಗಳಲ್ಲಿ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ ಎಂದು ಹಿರಿಯರು ಈಗಲೂ ಹೇಳುತ್ತಾರೆ.

ಸಮವಸ್ತ್ರ ಬಿಚ್ಚಿಟ್ಟ ದಿನ ಆ ಲೆಕ್ಕ ಮುಗಿಯುತ್ತದೆ. ಮಿಲಿಟರಿ ಕ್ಯಾಂಟೀನ್ ಇದೆಯಲ್ಲ ಎಂದು ನೀವು ಕೇಳಬಹುದು. ಕ್ಯಾಂಟೀನಿನಲ್ಲಿ ಸಾಮಾನು ಕಡಿಮೆ ಬೆಲೆಗೆ ಸಿಗುತ್ತದೆ ನಿಜ. ಆದರೆ ಅದು ಕೈಯಲ್ಲಿ ದುಡ್ಡು ಇದ್ದವರಿಗೆ ಆಗುವ ಉಳಿತಾಯ. ಬರಿಗೈಯವರ ಹೊಟ್ಟೆ ಅದರಿಂದ ತುಂಬುವುದಿಲ್ಲ.

ಇನ್ನು ಉಳಿದದ್ದು ರೇಷನ್. ಅದರ ನಿಯಮಗಳನ್ನು ನಾವು ಒಂದೊಂದಾಗಿ ನೋಡಿದೆವು. 1997ರಲ್ಲಿ ಬಡವರಿಗೆ ಬೇರೆ ಕಾರ್ಡು ಎಂಬ ಪದ್ಧತಿ ಬಂತು. 2000ದ ಡಿಸೆಂಬರ್‌ನಲ್ಲಿ ಅಂತ್ಯೋದಯ ಬಂತು. ಅದರಲ್ಲಿ ಕುಟುಂಬಕ್ಕೆ ತಿಂಗಳಿಗೆ 35 ಕಿಲೋ ಧಾನ್ಯ. 2013ರ ಜುಲೈನಲ್ಲಿ ಕರ್ನಾಟಕದಲ್ಲಿ ಅನ್ನಭಾಗ್ಯ ಶುರುವಾಯಿತು. ಅದೇ ವರ್ಷ ದೇಶಕ್ಕೆ ಆಹಾರ ಭದ್ರತಾ ಕಾಯ್ದೆ ಬಂತು. 2023ರ ಜನವರಿಯಿಂದ ಕೇಂದ್ರದ ಧಾನ್ಯ ಪೂರ್ತಿ ಉಚಿತವಾಯಿತು.

ಅಂತ್ಯೋದಯಕ್ಕೆ ಯಾರನ್ನು ಆರಿಸಬೇಕು ಎಂಬ ಪಟ್ಟಿ ಉದ್ದ ಇದೆ. ಭೂಮಿ ಇಲ್ಲದ ಕೂಲಿಗಳು, ಸಣ್ಣ ಹಿಡುವಳಿಯ ರೈತರು, ಕುಂಬಾರರು, ನೇಕಾರರು, ಕಮ್ಮಾರರು, ಚಿಂದಿ ಆಯುವವರು, ಹಮಾಲರು, ವಿಧವೆಯರು, ಅಂಗವಿಕಲರು, ದಿಕ್ಕಿಲ್ಲದ 60 ದಾಟಿದವರು. ಪಟ್ಟಿಯಲ್ಲಿ ಮಾಜಿ ಸೈನಿಕ ಎಂಬ ಹೆಸರು ಇಲ್ಲ. ಅವನು ಅಲ್ಲಿಗೆ ಬರಬೇಕಾದರೆ ಮುದುಕನಾಗಿ ಬರಬೇಕು, ಕೂಲಿಯವನಾಗಿ ಬರಬೇಕು. ಅವನ ಹೆಂಡತಿ ವಿಧವೆಯಾಗಿ ಬರಬೇಕು.

ನಮಗೆ ಕಂಡ ಸಂಗತಿ ಇದೇ. ಸೈನಿಕ ಕಚೇರಿಗೆ ಅವನು ಸೈನಿಕ ಎಂದು ಗೊತ್ತು, ಆದರೆ ಅಲ್ಲಿ ಸಿಗುವುದು ದುಡ್ಡು, ಅಕ್ಕಿ ಇಲ್ಲ. ಆಹಾರ ಇಲಾಖೆಯಲ್ಲಿ ಅಕ್ಕಿ ಇದೆ, ಆದರೆ ಅಲ್ಲಿ ಅವನು ಸೈನಿಕನಾಗಿದ್ದ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಎರಡು ಬಾಗಿಲು, ಎರಡು ಅರ್ಜಿ, ಎರಡು ಸಾಲು. ಒಂದು ಬಾಗಿಲಿನವರು ಇನ್ನೊಂದು ಬಾಗಿಲಿಗೆ ಹೋಗಿ ಎಂದು ಹೇಳಬೇಕೆಂಬ ನಿಯಮ ನಮಗೆ ಎಲ್ಲೂ ಕಾಣಲಿಲ್ಲ. ಹಾಗಾಗಿ ಅರ್ಹರಾದವರೇ ಎರಡನ್ನೂ ತಿಳಿದುಕೊಂಡು ಹೋಗಬೇಕು. ಎಪ್ಪತ್ತು ದಾಟಿದ, ಓದು ಬಾರದ ಅವ್ವ ಅದನ್ನು ಎಲ್ಲಿ ತಿಳಿಯಬೇಕು?

ಬೇರೆ ದೇಶದಲ್ಲಿ ಹೇಗಿದೆ ಎಂದೂ ನೋಡಿದೆವು. ಅಮೆರಿಕದಲ್ಲಿ ಬಡವರಿಗೆ ಊಟದ ಸಾಮಾನು ಕೊಳ್ಳಲು ಸರ್ಕಾರ ಕೊಡುವ ನೆರವಿಗೆ ಸ್ನ್ಯಾಪ್ ಎನ್ನುತ್ತಾರೆ. ದುಡಿಯಲು ಗಟ್ಟಿ ಇರುವವರು ತಿಂಗಳಿಗೆ 80 ಗಂಟೆ ದುಡಿಯಬೇಕು, ಇಲ್ಲದಿದ್ದರೆ ಮೂರು ವರ್ಷದಲ್ಲಿ ಮೂರೇ ತಿಂಗಳು ನೆರವು ಎಂಬ ನಿಯಮ ಅದರಲ್ಲಿದೆ. 2023ರಲ್ಲಿ ಮಾಜಿ ಸೈನಿಕರಿಗೆ ಆ ನಿಯಮ ಬೇಡ ಎಂದು ಕಾನೂನು ಮಾಡಿದರು. 2025ರಲ್ಲಿ ಇನ್ನೊಂದು ಕಾನೂನು ಬಂದು ಆ ವಿನಾಯಿತಿಯನ್ನು ತೆಗೆದುಹಾಕಿತು. ಅಂದರೆ ಊಟದ ಕಾನೂನಿನಲ್ಲಿ ಸೈನಿಕನ ಹೆಸರು ಬರೆಯಬಹುದು, ಬರೆದದ್ದನ್ನು ಅಳಿಸಲೂಬಹುದು. ನಮ್ಮಲ್ಲಿ ಇನ್ನೂ ಬರೆದೇ ಇಲ್ಲ.

ಒಂದು ಸಣ್ಣ ಲೆಕ್ಕ

ಗೇಟಿನ ಅಣ್ಣನಿಗೆ ಒಂದು ಭಯ ಇತ್ತು. "ಅವ್ವಂಗೆ ದುಡ್ಡು ಬಂದ್ರೆ ಬಿಪಿಎಲ್ ಕಾರ್ಡು ಕಿತ್ಕೋತಾರಾ?" ಈ ಭಯ ಬಹಳ ಜನರಿಗಿದೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವರ್ಷದ ಆದಾಯ 1,20,000 ರೂಪಾಯಿ ದಾಟಬಾರದು. ಜೊತೆಗೆ ಮೂರು ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಇರಬಾರದು, ಸ್ವಂತಕ್ಕೆ ಕಾರು ಇರಬಾರದು ಎಂಬ ಷರತ್ತುಗಳಿವೆ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 8,000 ಎಂದರೆ ವರ್ಷಕ್ಕೆ 96,000. ಅವ್ವ ಒಬ್ಬರೇ ಒಂದು ಕಾರ್ಡಿನಲ್ಲಿದ್ದು, ಈ ನೆರವನ್ನು ಪೂರ್ತಿ ಆದಾಯವೆಂದೇ ಹಿಡಿದರೂ ಮಿತಿಗಿಂತ 24,000 ಕಡಿಮೆ. ಆದರೆ ಮಗನ ಸಂಬಳವೂ ಅದೇ ಕಾರ್ಡಿನಲ್ಲಿ ಸೇರಿದರೆ ಮಿತಿ ದಾಟಬಹುದು. ಕಾರ್ಡು ಯಾರ ಹೆಸರಿನಲ್ಲಿದೆ, ಅದರಲ್ಲಿ ಯಾರ್ಯಾರಿದ್ದಾರೆ ಎಂದು ಮೊದಲು ನೋಡಿಕೊಳ್ಳಬೇಕು.

ಪಿಂಚಣಿ ಬರುವ ಸಿಪಾಯಿಯದು ಬೇರೆ ಕಥೆ. ಅವರ ಕನಿಷ್ಠ ಪಿಂಚಣಿ 9,000. ತುಟ್ಟಿಭತ್ಯೆ ಸೇರಿದರೆ ವರ್ಷಕ್ಕೆ ಮಿತಿ ದಾಟುತ್ತದೆ. ಅವರಿಗೆ ಪಿಂಚಣಿ ಇದೆ, ಬಿಪಿಎಲ್ ಅಕ್ಕಿ ಇಲ್ಲ. ಪಿಂಚಣಿ ಇಲ್ಲದವರಿಗೆ ಎರಡು ಬಾಗಿಲೂ ತೆರೆದಿವೆ. ಆದರೆ ಒಳಗೆ ಹೋದವರು ಕಡಿಮೆ. ಗೇಟಿನ ಅಣ್ಣನ ಅವ್ವ ಅಕ್ಕಿಯ ಬಾಗಿಲಿಗೆ ಮಾತ್ರ ಹೋಗಿದ್ದಾರೆ. ಅವರ ಯಜಮಾನರೂ ಸಾಯುವವರೆಗೆ ಇನ್ನೊಂದು ಬಾಗಿಲು ತಟ್ಟಲಿಲ್ಲ. "ಏಳು ವರ್ಷಕ್ಕೆಲ್ಲ ಏನೂ ಬರಲ್ಲ" ಎಂದು ಯಾರೋ ಹೇಳಿದ್ದರಂತೆ. ಅದನ್ನೇ ನಂಬಿ ಬದುಕಿದರು.

ಅಣ್ಣನ ಊಟದ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಇಂದಿರಾ ಕ್ಯಾಂಟೀನ್ ಯೋಜನೆಗೆ 2017ರ ಆಗಸ್ಟ್ 16ರಂದು ಚಾಲನೆ ಸಿಕ್ಕಿದ್ದು ಇದೇ ದಕ್ಷಿಣ ಬೆಂಗಳೂರಿನಲ್ಲಿ, ಜಯನಗರದ ಕನಕನಪಾಳ್ಯದಲ್ಲಿ. ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಮೂರು ಹೊತ್ತು ತಿಂದರೆ ದಿನಕ್ಕೆ 25, ತಿಂಗಳಿಗೆ 750. ಅಲ್ಲಿ ಕಾರ್ಡು ಕೇಳುವುದಿಲ್ಲ, ನೀನು ಯಾರು ಎಂದೂ ಕೇಳುವುದಿಲ್ಲ. ಅಣ್ಣನಿಗೆ ಇಷ್ಟವಾಗಿರುವುದು ಅದೇ. ಆದರೆ ಊರಲ್ಲಿರುವ ಅವ್ವನಿಗೆ ಬೆಂಗಳೂರಿನ ಕ್ಯಾಂಟೀನ್ ಎಷ್ಟು ಅಗ್ಗವಾದರೆ ಏನು?

ನೀವು ಮಾಡಬೇಕಾದದ್ದು

ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಹೀಗೆ ಪಿಂಚಣಿ ಇಲ್ಲದೆ ಸೈನ್ಯದಿಂದ ಬಂದವರು ಇದ್ದಾರಾ? ಅವರ ಹೆಂಡತಿ ಇದ್ದಾರಾ? ಇದ್ದರೆ ಇಷ್ಟು ಮಾಡಿ.

ಮೊದಲು ಡಿಸ್ಚಾರ್ಜ್ ಬುಕ್ ಹುಡುಕಿ. ಅದೇ ಮೂಲ ದಾಖಲೆ. ಹಳೆಯ ಟ್ರಂಕು, ಅಟ್ಟ, ದೇವರ ಗೂಡು ಎಲ್ಲ ನೋಡಿ. ಹರಿದಿದ್ದರೂ ಎಸೆಯಬೇಡಿ.

ಆ ಬುಕ್ಕಿನಲ್ಲಿ ಸೇವೆಗೆ ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಮೂರೂ ಇರುತ್ತವೆ. ಯಾರನ್ನು ಮಾಜಿ ಸೈನಿಕ ಎಂದು ಕರೆಯಬೇಕು ಎಂಬ ನಿಯಮ, ಸೇವೆ ಬಿಟ್ಟ ವರ್ಷ ಯಾವುದು ಎನ್ನುವುದರ ಮೇಲೆ ಬದಲಾಗುತ್ತದೆ. ತಾವಾಗಿ ಕೇಳಿ ಬಿಟ್ಟು ಬಂದವರಿಗೆ, ಅದರಲ್ಲೂ 1987ರ ಜುಲೈ ನಂತರ ಬಂದವರಿಗೆ, ನಿಯಮ ಬಿಗಿ. ಆದ್ದರಿಂದ ಊರಿನವರ ಮಾತು ಕೇಳಿ ಬರುತ್ತದೆ, ಬರುವುದಿಲ್ಲ ಎಂದು ತೀರ್ಮಾನ ಮಾಡಬೇಡಿ. ಬುಕ್ಕು ಹಿಡಿದು ಕಚೇರಿಗೇ ಹೋಗಿ ಕೇಳಿ.

ಕಚೇರಿ ಎಂದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ. ಎಲ್ಲ ಜಿಲ್ಲೆಯಲ್ಲೂ ಇಲ್ಲ, ಕೆಲವು ಕಚೇರಿಗಳು ಅಕ್ಕಪಕ್ಕದ ಜಿಲ್ಲೆಯನ್ನೂ ನೋಡಿಕೊಳ್ಳುತ್ತವೆ. ನಿಮ್ಮದು ಯಾವುದು ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ರಾಜ್ಯದ ಮುಖ್ಯ ಕಚೇರಿ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿದೆ. ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತದ ಸೈನ್ಯದ ಮೊದಲ ಭಾರತೀಯ ಮುಖ್ಯಸ್ಥರಾದವರು.

ಜೊತೆಗೆ ಆಧಾರ್, ವಯಸ್ಸಿನ ದಾಖಲೆ, ಬ್ಯಾಂಕ್ ಪಾಸ್‌ಬುಕ್, ವಿಧವೆಯಾಗಿದ್ದರೆ ಗಂಡನ ಮರಣ ಪ್ರಮಾಣಪತ್ರ ಬೇಕು. ಅರ್ಜಿಯನ್ನು ಕೇಂದ್ರೀಯ ಸೈನಿಕ ಮಂಡಳಿಯ ವೆಬ್‌ಸೈಟಿನಲ್ಲಿ ಹಾಕಬೇಕು. ಜಿಲ್ಲಾ ಕಚೇರಿಯವರು ಪರಿಶೀಲಿಸಿ ಶಿಫಾರಸು ಮಾಡಿ ಮೇಲಕ್ಕೆ ಕಳಿಸುತ್ತಾರೆ. ಮಂಜೂರಾದ ಮೇಲೆ ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂಬ ಪ್ರಮಾಣಪತ್ರ ಕೊಡಬೇಕು. ಇದೇ ಉದ್ದೇಶಕ್ಕೆ ರಾಜ್ಯದಿಂದ ಬೇರೆ ನೆರವು ಬರುತ್ತಿದ್ದರೆ ಅದನ್ನು ಮುಚ್ಚಿಡಬೇಡಿ, ಮೊದಲೇ ಹೇಳಿ. ಇದಕ್ಕೆ ಯಾವ ದಲ್ಲಾಳಿಯೂ ಬೇಕಿಲ್ಲ. ಮಾಡಿಸಿಕೊಡುತ್ತೇನೆ ಎಂದು ದುಡ್ಡು ಕೇಳಿದವರಿಗೆ ಕೊಡಬೇಡಿ.

ರೇಷನ್ ಕಾರ್ಡು ಇಲ್ಲದಿದ್ದರೆ ಅದಕ್ಕೆ ಆಹಾರ ಇಲಾಖೆಯಲ್ಲಿ ಬೇರೆ ಅರ್ಜಿ. ಒಂದು ಮಾಡಿದರೆ ಇನ್ನೊಂದು ತಾನಾಗಿ ಬರುವುದಿಲ್ಲ.

ಹೆಸರು ಹೊಂದುವುದಿಲ್ಲ

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಅಣ್ಣ ಟ್ರಂಕು ತೆಗೆದು ನೋಡಿದರಂತೆ. ಅಪ್ಪನ ಡಿಸ್ಚಾರ್ಜ್ ಬುಕ್ ಸಿಕ್ಕಿದೆ. ಅವ್ವನ ಮದುವೆ ಸೀರೆಯ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದರಂತೆ. ಅದರ ಫೋಟೋ ತೆಗೆದು ನಮಗೆ ತೋರಿಸಿದರು. 1971ರಲ್ಲಿ ಸೇರಿ 1978ರಲ್ಲಿ ಬಿಟ್ಟಿದ್ದಾರೆ. ಆ ಬುಕ್ಕಿನಲ್ಲಿ ಅವ್ವನ ಹೆಸರೂ ಇದೆ. ಆದರೆ ಯಾರೋ ಉತ್ತರದ ಗುಮಾಸ್ತ ಕಿವಿಗೆ ಕೇಳಿದಂತೆ ಬರೆದದ್ದು. ಆಧಾರ್‌ನಲ್ಲಿ ಇರುವ ಹೆಸರಿಗೂ ಅದಕ್ಕೂ ಮೂರು ಅಕ್ಷರ ವ್ಯತ್ಯಾಸ.

ಸಾವಿರದ ನೂರು ವರ್ಷದ ಹಿಂದೆ ಬೇಗೂರಿನಲ್ಲಿ ಹೆಸರು ಕಡೆದವನು ತಪ್ಪಿಲ್ಲದೆ ಕಡೆದನೋ ಇಲ್ಲವೋ, ಕೇಳಲು ಈಗ ಯಾರೂ ಇಲ್ಲ. ಇಲ್ಲಿ ಕೇಳುವವರು ಇದ್ದಾರೆ. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಬೇಕು, ಅವ್ವನನ್ನು ಹಾಸನದ ಕಚೇರಿಗೆ ಕರೆದುಕೊಂಡು ಹೋಗಬೇಕು. ಅದಕ್ಕೆ ಅಣ್ಣನಿಗೆ ಎರಡು ದಿನ ರಜೆ ಬೇಕು. ಪಾಳಿ ಬದಲಿಸಿಕೊಳ್ಳಲು ಇನ್ನೊಬ್ಬ ಗಾರ್ಡ್ ಒಪ್ಪಿದ್ದಾರೆ. ಮುಂದಿನ ಸೋಮವಾರ ಹೋಗುತ್ತಾರಂತೆ. ನಮ್ಮಲ್ಲೊಬ್ಬರು ಜೊತೆಗೆ ಹೋಗುತ್ತೇವೆ.

ನಿಮ್ಮ ಮನೆಯ ಟ್ರಂಕನ್ನೂ ಒಮ್ಮೆ ತೆಗೆದು ನೋಡಿ.